ಕಡತ ನೋಡಿದರು, ಮೆಟ್ಟಿಲು ಹತ್ತಲಿಲ್ಲ

ಮಾನ್ಯರೇ,

ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಹೋದ ತಿಂಗಳು ‘ಸುರಕ್ಷತಾ ಪರಿಶೀಲನೆ’ ನಡೆಯಿತು. ಬಂದವರು ಕೆಳಗೇ ಕೂತು ಕಾಫಿ ಕುಡಿದು, ಕಡತಕ್ಕೆ ಸಹಿ ಹಾಕಿ ಹೋದರು. ಮೆಟ್ಟಿಲು ಹತ್ತಿದ್ದರೆ ಮೂರನೇ ಮಹಡಿಯ ತಿರುವಿನಲ್ಲಿ ಶೂ ರ್‍ಯಾಕ್, ಎರಡು ಸೈಕಲ್, ಕೆಟ್ಟ ವಾಷಿಂಗ್ ಮಷಿನ್ ಕಾಣುತ್ತಿದ್ದವು. ಪಕ್ಕದಲ್ಲೇ ನೇತುಹಾಕಿದ ಬೆಂಕಿ ನಂದಿಸುವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿದೆ. ಟೆರೇಸ್ ಬಾಗಿಲಿಗೆ ಬೀಗ. ಕೀ ಎಲ್ಲಿ ಅಂದರೆ ವಾಚ್‌ಮನ್ ತಲೆ ಕೆರೆದುಕೊಳ್ಳುತ್ತಾನೆ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತರು. ಅದು ಆಫೀಸುಗಳ ಕಟ್ಟಡ, ನಿಜ. ಹೊಗೆಗೆ ಆ ಭೇದ ಗೊತ್ತಾಗುತ್ತದಾ? ಮೆಟ್ಟಿಲಿನ ದಾರಿಯೇ ಅದಕ್ಕೆ ಚಿಮಣಿ.

ತಪ್ಪು ಬಂದವರದ್ದು ಮಾತ್ರ ಅಲ್ಲ. ಆ ಶೂ ರ್‍ಯಾಕ್ ನಮ್ಮದೇ! ಈ ಪತ್ರ ಬರೆಯುವ ಮೊದಲು, ಮನೆಯಲ್ಲಿ ಬೈಸಿಕೊಂಡು, ಒಳಗೆ ಎಳೆದಿಟ್ಟೆ.

ಮುಂದಿನ ಸಲ ಬರುವವರು ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಓಡಾಡಲಿ. ಬೆಂಕಿ ನಂದಿಸಲೆಂದೇ ಇರುವ ನಲ್ಲಿ (ಹೈಡ್ರೆಂಟ್) ತಿರುಗಿಸಿ ನೀರು ಬರುತ್ತದಾ ನೋಡಲಿ. ಟ್ಯಾಂಕ್ ತೊಳೆದ ತಾರೀಖು ಕೇಳಲಿ. ವರದಿಯನ್ನು ಸುಮ್ನೆ ಬೀರುವಿನಲ್ಲಿಡದೆ ಲಿಫ್ಟ್ ಪಕ್ಕ ಅಂಟಿಸಲಿ. ತಿಂಗಳು ತಿಂಗಳು ನಿರ್ವಹಣಾ ಶುಲ್ಕ ಕಟ್ಟುವವರು ನಾವೇ ಅಲ್ವಾ?

– ಒಬ್ಬ ನಿವಾಸಿ, ಬೆಂಗಳೂರು