ಮಗಳ ಪ್ರಬಂಧದ ಬಗ್ಗೆ ಕೇಳಿದ್ಯಲ್ಲ, ಅದಕ್ಕೆ

ಮಂಜ,

ನಿನ್ ವಾಯ್ಸ್ ಮೆಸೇಜ್ ಕೇಳ್ದೆ ಕಣೋ. ಮಗಳು ಗೈಡಲ್ಲಿರೋ ಪ್ರಬಂಧ ಎಲ್ಲಾ ಉರು ಹೊಡೀತಾಳೆ, ಅದರಲ್ಲಿ ಇಲ್ದೇ ಇರೋ ಟಾಪಿಕ್ ಕೊಟ್ರೆ ಪೆನ್ನು ಕಚ್ಕೊಂಡು ಕೂತ್ಬಿಡ್ತಾಳೆ, ಕನ್ನಡ ಮೇಷ್ಟ್ರಾಗಿ ನೀನೇ ಏನಾದ್ರೂ ಹೇಳು ಅಂದ್ಯಲ್ಲ. ಫೋನಲ್ಲಿ ಹೇಳಿದ್ರೆ ಅರ್ಧ ಮರೀತೀಯ, ಅದಕ್ಕೇ ಬರೆದು ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ, ಈ ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳಿರೋ ಬೇರೆಯವ್ರಿಗೂ ಆಗತ್ತೆ.

ಮೊದಲು, ಅವಳಿಗೆ ಕನ್ನಡ ಬರಲ್ಲ ಅಂತ ಬೈಯೋದು ನಿಲ್ಸು. ಚೆನ್ನಾಗೇ ಬರತ್ತೆ. ಅವಳು ಪೀಠಿಕೆಯಿಂದ ಶುರು ಮಾಡ್ತಾಳಲ್ಲ, ಅಲ್ಲೇ ಗಾಡಿ ನಿಲ್ಲೋದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಸ್ಕೂಲಲ್ಲಿ ನಾವು ಹೇಳ್ಕೊಡೋದು ಬರೆದು ಮುಗಿದ ಮೇಲೆ ಹಾಳೇಲಿ ಕಾಣ್ಬೇಕಾದ ಕ್ರಮ. ಮಕ್ಕಳು ಅದನ್ನೇ ಯೋಚ್ನೆ ಮಾಡೋ ಕ್ರಮ ಅಂದ್ಕೊಂಡ್ಬಿಡ್ತಾರೆ. ಏನ್ ಹೇಳ್ಬೇಕು ಅಂತಾನೇ ಗೊತ್ತಿಲ್ದೆ ಪೀಠಿಕೆ ಬರೀ ಅಂದ್ರೆ ಏನ್ ಬರೀತಾರೆ ಪಾಪ, "ಅನಾದಿ ಕಾಲದಿಂದಲೂ ಮಾನವನು" ಅಂತಾರೆ, ಇಲ್ಲಾಂದ್ರೆ "ಇಂದಿನ ಆಧುನಿಕ ಯುಗದಲ್ಲಿ" ಅಂತಾರೆ. ಪರಿಸರ ಮಾಲಿನ್ಯಕ್ಕೂ ಅದೇ, ಗ್ರಂಥಾಲಯದ ಮಹತ್ವಕ್ಕೂ ಅದೇ, ರಾಷ್ಟ್ರೀಯ ಹಬ್ಬಕ್ಕೂ ಅದೇ. ವ್ಯಾಲ್ಯುಯೇಷನ್‌ಗೆ ಕೂತ್ರೆ ಬಂಡಲ್ ಪೂರ್ತಿ ಅದೇ ಸಾಲು. (ಗಾದೆ ವಿಸ್ತರಣೆದಂತೂ ಕೇಳ್ಲೇಬೇಡ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ಬರೀದೇ ಇರೋ ಮಗು ಸಿಕ್ರೆ ನಂಗೆ ಎದ್ದು ಕೈ ಮುಗಿಯೋಣ ಅನ್ಸತ್ತೆ.)

ಸರಿ, ನಿಮ್ ಕೋಲಾರಕ್ಕೇ ಹೊಂದೋ ಟಾಪಿಕ್ ತಗೋ, ನೀರಿನ ಸಂರಕ್ಷಣೆ. ಪರೀಕ್ಷೆಗೆ ಇದು ಯಾವಾಗ್ಲೂ ರೆಡಿ ಇರೋ ವಿಷಯ. ಗೈಡ್ ತೆಗೆದ್ರೆ ಭೂಮಿಯ ಮುಕ್ಕಾಲು ಭಾಗ ನೀರು, ಅದರಲ್ಲಿ ಕುಡಿಯೋಕಾಗೋದು ಇಷ್ಟೇ ಅಂತ ಶುರುವಾಗತ್ತೆ. ಅದನ್ನ ಪಕ್ಕಕ್ಕಿಡು. ಅವಳ ಕೈಗೆ ಒಂದು ರಫ್ ಹಾಳೆ ಕೊಟ್ಟು, ನೀರು ಅಂದ ತಕ್ಷಣ ತಲೆಗೆ ಏನ್ ಬರತ್ತೋ ಅದನ್ನೆಲ್ಲಾ ಒಂದೊಂದೇ ಪದದಲ್ಲಿ ಗೀಚು ಅನ್ನು, ವಾಕ್ಯ ಬೇಡ, ಕಾಗುಣಿತನೂ ನೋಡ್ಬೇಡ. ನಿಮ್ಮನೇಲಿ ಬೆಳೆದ ಹುಡುಗಿ ಏನ್ ಬರೀಬಹುದು ನೋಡು:

ಬೋರ್ ಸಾವಿರ ಅಡಿ, ಟ್ಯಾಂಕರ್, ತಾತನ ಬಾವಿ, ಹಲ್ಲು ಹಳದಿ, ಫ್ಲೋರೈಡ್, ಕೆರೆ ಹೂಳು, ನೀಲಗಿರಿ ತೋಪು, ಕೆಸಿ ವ್ಯಾಲಿ, ಅಂತರಗಂಗೆ, ನಲ್ಲಿ ನಿಲ್ಸಬೇಕು, ಮಳೆಕೊಯ್ಲು.

ನೋಡಿದ್ಯಾ, ಗೈಡ್ ಬರೆದವನ ಹತ್ರ ಇದರಲ್ಲಿ ಅರ್ಧನೂ ಇರಲ್ಲ. ಈಗ ಅವಳನ್ನ ಒಂದೇ ಪ್ರಶ್ನೆ ಕೇಳು: ಇದನ್ನೆಲ್ಲಾ ನೋಡಿದ್ರೆ ನಿಂಗೆ ಏನ್ ಅನ್ಸತ್ತೆ, ಒಂದೇ ವಾಕ್ಯದಲ್ಲಿ ಹೇಳು. "ನೀರು ಅಮೂಲ್ಯ" ಅಂದ್ರೆ ಒಪ್ಕೋಬೇಡ, ಅದಕ್ಕೆ ಇಲ್ಲ ಅನ್ನೋರು ಯಾರೂ ಇಲ್ಲ, ಹಂಗಾಗಿ ಅದರ ಮೇಲೆ ಬರೆಯೋಕೂ ಏನೂ ಉಳಿಯಲ್ಲ. "ಕೋಲಾರದೋರು ಬೋರ್ ಇನ್ನೂ ಆಳ ಕೊರೆಯೋ ದುಡ್ಡನ್ನ ಕೆರೆಗೆ ಹಾಕ್ಬೇಕು" ಅಂತ ಏನಾದ್ರೂ ಅಂದ್ಲು ಅಂದ್ಕೋ, ಹಿಡ್ಕೋ ಅದನ್ನ. ಯಾರಾದ್ರೂ ಎದುರು ವಾದ ಮಾಡ್ಬಹುದಾದ ಮಾತು ಅದು. ಅದನ್ನ ಹಾಳೆ ಮೇಲ್ಗಡೆ ಬರೆದು ಸುತ್ತ ಒಂದು ರೌಂಡ್ ಹಾಕ್ಲಿ.

ಆಮೇಲೆ ಹೊಡೆದು ಹಾಕೋ ಕೆಲಸ, ಮಕ್ಕಳಿಗೆ ಇದೇ ಕಷ್ಟ. ಆ ಮಾತಿಗೆ ಉಪಯೋಗಕ್ಕೆ ಬರದೇ ಇರೋದಕ್ಕೆಲ್ಲಾ ಗೀಟು. ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಬರೋದು ಅವಳಿಗೆ ತುಂಬಾ ಇಷ್ಟ ಇರಬಹುದು, ಆದ್ರೆ ಕೆರೆ ವಾದಕ್ಕೆ ಅದು ಕೂರಲ್ಲ, ಬಿಡ್ಬೇಕು. ನಲ್ಲಿ ನಿಲ್ಸೋದೂ ಹೋಯ್ತು. ಉಳಿದಿದ್ದನ್ನ ಜೊತೆ ಜೊತೆ ಸೇರಿಸಿ ನಂಬರ್ ಹಾಕ್ಲಿ. ತಾತನ ಬಾವಿ ಮತ್ತೆ ಕೆರೆ ಒಂದು, ಕೈಗೆಟುಕೋ ಆಳದಲ್ಲಿ ನೀರಿದ್ದ ಕಾಲ. ಬೋರು, ಟ್ಯಾಂಕರ್, ಹಲ್ಲು, ಅದನ್ನ ಹಳದಿ ಮಾಡೋ ನೀರಿನ ಫ್ಲೋರೈಡ್ ಎರಡು, ನೆಲದ ನೀರು ಹೀರೋ ನೀಲಗಿರಿ ತೋಪೂ ಇಲ್ಲಿಗೇ. ಆಳ ಹೋದಷ್ಟೂ ಖರ್ಚು ಹೆಚ್ಚಾಯ್ತು ನೀರೂ ಕೆಡ್ತು ಅಂತ ಇವು ಒಂದಕ್ಕೊಂದು ಅಂಟ್ಕೊಳ್ತವೆ. ಮೂರನೇದು ಕೆಸಿ ವ್ಯಾಲಿ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಶುದ್ಧ ಮಾಡಿ ಪೈಪಲ್ಲಿ ಕೋಲಾರದ ಕೆರೆಗಳಿಗೆ ಬಿಡೋ ಯೋಜನೆ, 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಇದು ನಿಂಗೇ ಗೊತ್ತು. ಕೆರೆ ತುಂಬಿದ್ಮೇಲೆ ಅಕ್ಕಪಕ್ಕದ ಬೋರಲ್ಲಿ ನೀರು ಮೇಲೆ ಬಂತು ಅನ್ನೋ ರೈತರಿದಾರೆ, ಮೂರನೇ ಹಂತದ ಶುದ್ಧೀಕರಣ ಮಾಡ್ದೆ ಬಿಡ್ತಿದಾರೆ ಅಂತ ತಕರಾರು ಮಾಡೋರೂ ಇದಾರೆ. ಎರಡನ್ನೂ ಬರೀಲಿ. ತನ್ನ ಮಾತಿಗೆ ಎದುರು ಬರೋದನ್ನ ಮುಚ್ಚಿಡದೆ ಒಂದು ಸಾಲು ಉತ್ತರ ಕೊಟ್ಟ ಹುಡುಗಿ ಪೇಪರ್ ಕೈಗೆ ಬಂದ್ರೆ ನಾನಂತೂ ಮಾರ್ಕ್ಸ್ ಕೊಡೋಕೆ ಜುಗ್ಗತನ ಮಾಡಲ್ಲ. ನಾಲ್ಕು, ಏನ್ ಮಾಡ್ಬೇಕು ಅನ್ನೋದು: ಹೂಳು ತೆಗೀಬೇಕು, ಕೆರೆಗೆ ನೀರು ಬರೋ ಕಾಲುವೆ ಒತ್ತುವರಿ ಬಿಡಿಸ್ಬೇಕು, ಸ್ಕೂಲ್ ಛಾವಣಿ ಮಳೆನೀರು ಹಿಡೀಬೇಕು. ಮುಗೀತು.

ಇಷ್ಟಾದ್ಮೇಲೆ ಪೀಠಿಕೆ. ಆಗ ಹುಡುಕೋದೇ ಬೇಡ, ರೌಂಡ್ ಹಾಕಿದ ವಾಕ್ಯನೇ ಇದೆ, ಅದರ ಹಿಂದೆ ತಾತನ ಬಾವಿದು ಎರಡು ಸಾಲು ಸೇರಿಸಿದ್ರೆ ಪೀಠಿಕೆ ಆಯ್ತು. ಉಪಸಂಹಾರಕ್ಕೆ "ಹೀಗಾಗಿ ನಾವೆಲ್ಲರೂ" ಅಂತ ಮತ್ತೆ ಎಲ್ಲಾ ಹೇಳೋದು ಬೇಡ, ನಾಲ್ಕನೇ ಪಾಯಿಂಟಲ್ಲಿ ಯಾವುದು ಮೊದಲು ಆಗ್ಬೇಕೋ ಅದನ್ನ ಹೇಳಿ ನಿಲ್ಸಲಿ.

ಟೈಮ್ ಎಲ್ಲಿಂದ ಬರತ್ತೆ ಅಂತೀಯ ಅಂತ ಗೊತ್ತು. ಪೇಪರ್ ಓದೋಕೆ ಅಂತ ಮೊದಲು ಹದಿನೈದು ನಿಮಿಷ ಕೊಡ್ತಾರಲ್ಲ, ಪದ್ಯ ವ್ಯಾಕರಣ ಎಲ್ಲಾ ಗೊತ್ತಿರೋದೇ, ಆ ಟೈಮಲ್ಲಿ ಕೊನೇ ಪುಟ ತಿರುಗಿಸಿ ಯಾವ ಪ್ರಬಂಧ ಬರೀಬೇಕು, ಹೇಳೋ ಮಾತೇನು ಅಂತ ತಲೇಲೇ ತೀರ್ಮಾನ ಮಾಡ್ಕೊಂಡಿರ್ಲಿ. ಗೀಚೋಕೆ ಎರಡು ಮೂರು ನಿಮಿಷ ಸಾಕು, ರಫ್ ಅಂತ ಬರೆದು ಆಮೇಲೆ ಅಡ್ಡ ಗೀಟು ಎಳೀಲಿ. ಪ್ರಬಂಧಕ್ಕೆ ಇರೋದು ನಾಲ್ಕೋ ಐದೋ ಮಾರ್ಕ್ಸ್, ಅದಕ್ಕೆ ನಾಲ್ಕು ಪುಟ ತುಂಬಿಸಿ ಬೇರೆ ಪ್ರಶ್ನೆ ಬಿಟ್ಟು ಬರೋ ಮಕ್ಕಳೂ ಇದಾರೆ, ಅದು ಬೇಡವೇ ಬೇಡ.

ಮೊಬೈಲ್ ವರವೋ ಶಾಪವೋ ಅನ್ನೋ ಥರದ್ದು ಬಂದ್ರೆ ಹಾಳೆ ಮಧ್ಯ ಗೆರೆ ಎಳೆದು ಎರಡು ಕಡೆ ಬರ್ಕೊಳ್ಳಲಿ, ಆದ್ರೆ ಕೊನೆಗೆ ಎರಡೂ ಸರಿ ಅಂತ ತಪ್ಪಿಸ್ಕೊಳ್ಳೋ ಹಾಗಿಲ್ಲ, ಒಂದು ಕಡೆ ನಿಲ್ಲಲೇಬೇಕು.

ದಿನಾ ಪೂರ್ತಿ ಪ್ರಬಂಧ ಬರೆಸ್ಬೇಡ, ಕೈ ನೋವು ಬರತ್ತೆ, ಬೇಜಾರಾಗತ್ತೆ. ವಾರದಲ್ಲಿ ಎರಡು ಟಾಪಿಕ್‌ಗೆ ಬರೀ ಈ ಗೀಚೋ ಹಾಳೆ ಮಾಡ್ಸು, ಫೋಟೋ ತೆಗೆದು ನಂಗೆ ವಾಟ್ಸಾಪ್ ಮಾಡು, ರೌಂಡ್ ಹಾಕಿರೋ ವಾಕ್ಯ ಕಾಣೋ ಹಾಗೆ ತೆಗಿ. ಮತ್ತೆ ನೀನು ಪಕ್ಕದಲ್ಲಿ ಕೂತು ಪಾಯಿಂಟ್ಸ್ ಹೇಳ್ಕೊಡೋಕೆ ಹೋಗ್ಬೇಡ ಮಾರಾಯ, ನಿನ್ ಪ್ರಬಂಧಗಳೂ ನಂಗೆ ನೆನಪಿವೆ.

ಅತ್ತಿಗೆಗೆ ನಮಸ್ಕಾರ ಹೇಳು. ದಸರಾ ರಜೇಲಿ ಆ ಕಡೆ ಬರೋದಿದೆ, ಬಂದಾಗ ಸಿಗೋಣ.

ನಿನ್ ಮೇಷ್ಟ್ರು ಗೆಳೆಯ