ಸೇರಿಸಿದ್ದೆಲ್ಲ ಖರ್ಚಾಗುವುದಿಲ್ಲ

ಧಾರವಾಡ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡವ್ವನ ಅನೇಕ ಆಶೀರ್ವಾದಗಳು.

ನಿನ್ನ ಅವ್ವ ಗದಗಿನಿಂದ ಕಳಿಸಿದ ರಸಾಯನಶಾಸ್ತ್ರದ ಉತ್ತರಪತ್ರಿಕೆಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಅಂಕ ಕಡಿಮೆ ಬಂದವೆಂದು ನೀನು ಊಟ ಬಿಟ್ಟು ಮಲಗಿದೆಯಂತೆ. ಇನ್ನು ಮುಂದೆ ಹಾಗೆ ಮಾಡಬೇಡ. ತಪ್ಪಿರುವುದು ಒಂದೇ ವಾಕ್ಯದಲ್ಲಿ. ಸಮತೋಲನದಲ್ಲಿರುವ ಮಿಶ್ರಣಕ್ಕೆ ಪ್ರತಿವರ್ತಕವನ್ನು, ಅಂದರೆ ಕ್ರಿಯೆಯಲ್ಲಿ ಪಾಲ್ಗೊಳ್ಳುವ ಮೂಲವಸ್ತುವನ್ನು, ಹೆಚ್ಚಿಗೆ ಸೇರಿಸಿದರೆ ಕ್ರಿಯೆಯು ಅದನ್ನು ಪೂರ್ತಿ ಬಳಸಿಕೊಂಡು ಮೊದಲಿನ ಸ್ಥಿತಿಗೆ ಮರಳುತ್ತದೆ ಎಂದು ಬರೆದಿದ್ದೀಯ. ಪಿಯು ಮಕ್ಕಳಿಗೆ ಮೂವತ್ತು ವರ್ಷ ಕಲಿಸಿದ ನಾನು ಈ ವಾಕ್ಯವನ್ನು ಜಾಣ ಮಕ್ಕಳ ಪತ್ರಿಕೆಗಳಲ್ಲೇ ಹೆಚ್ಚಾಗಿ ಕಂಡಿದ್ದೇನೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೆ 1884ರಲ್ಲಿ ಮುಂದಿಟ್ಟ ನಿಯಮವು ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ಕ್ರಿಯೆ ಸಾಗುತ್ತದೆ ಎನ್ನುತ್ತದೆಯೇ ಹೊರತು, ಬದಲಾವಣೆಯನ್ನು ಅಳಿಸಿಹಾಕುತ್ತದೆ ಎನ್ನುವುದಿಲ್ಲ.

ಸಮತೋಲನ ಎಂದೊಡನೆ ನಿನ್ನ ಕಣ್ಣ ಮುಂದೆ ತಕ್ಕಡಿ ಬರುತ್ತಿದ್ದರೆ ಅದನ್ನು ಬಿಟ್ಟುಬಿಡು. ತಕ್ಕಡಿ ನಿಂತಿರುತ್ತದೆ, ಕ್ರಿಯೆ ನಿಲ್ಲುವುದಿಲ್ಲ. ಚಿಗರಿ ಬಸ್ಸಿನಲ್ಲಿ ಗಂಟೆಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಷ್ಟೇ ಜನ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುತ್ತಿದ್ದರೆ ಎರಡೂ ಊರಿನ ಜನಸಂಖ್ಯೆ ಇದ್ದಷ್ಟೇ ಇರುತ್ತದೆ, ಆದರೆ ಬಸ್ಸುಗಳು ತುಂಬಿಕೊಂಡೇ ಓಡುತ್ತಿರುತ್ತವೆ. ಮುಮ್ಮುಖ ಕ್ರಿಯೆಯ ವೇಗವೂ ಹಿಮ್ಮುಖ ಕ್ರಿಯೆಯ ವೇಗವೂ ಸಮನಾದ ಈ ಸ್ಥಿತಿಯಲ್ಲಿ ನೀನು ಪ್ರತಿವರ್ತಕವನ್ನು ಸೇರಿಸಿದರೆ ಅದರ ಸಾರತೆ (ದ್ರಾವಣದಲ್ಲಿ ಅದು ಎಷ್ಟು ದಟ್ಟವಾಗಿದೆ ಎಂಬುದು) ಏರಿ ಮುಮ್ಮುಖ ವೇಗ ತಕ್ಷಣ ಹೆಚ್ಚುತ್ತದೆ. ಉತ್ಪನ್ನ ಕೂಡುತ್ತ ಹೋದಂತೆ ಹಿಮ್ಮುಖ ವೇಗವೂ ಏರಿ, ಕೊನೆಗೆ ಎರಡೂ ಮತ್ತೊಮ್ಮೆ ಸಮನಾಗುತ್ತವೆ. ಸಮನಾಗುವುದು ಹೊಸ ಜಾಗದಲ್ಲಿ, ಹಳೆಯ ಜಾಗದಲ್ಲಲ್ಲ.

ಇದನ್ನು ಲೆಕ್ಕದಲ್ಲಿ ನೋಡು. ಅಸಿಟಿಕ್ ಆಮ್ಲವೂ ಈಥೈಲ್ ಆಲ್ಕೋಹಾಲೂ ಸೇರಿ ಈಥೈಲ್ ಅಸಿಟೇಟ್ ಎಂಬ ಎಸ್ಟರ್ ಮತ್ತು ನೀರು ಆಗುವ ಕ್ರಿಯೆಯ ಸ್ಥಿರಾಂಕ, ಅಂದರೆ ಸಮತೋಲನದಲ್ಲಿ ಉತ್ಪನ್ನಗಳ ಗುಣಲಬ್ಧವನ್ನು ಪ್ರತಿವರ್ತಕಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ, ಸುಮಾರು 4. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೆಲೋ ಮತ್ತು ಅವರ ಸಂಗಡಿಗರು 1860ರ ದಶಕದಲ್ಲಿ ತಾಳ್ಮೆಯಿಂದ ಅಳೆದ ಕ್ರಿಯೆ ಇದು, ಅದಕ್ಕಾಗಿಯೇ ನನಗೆ ಇದರ ಮೇಲೆ ಪ್ರೀತಿ. ಒಂದೊಂದು ಮೋಲ್ (ಕಣಗಳ ಎಣಿಕೆಯ ಅಳತೆ) ಆಮ್ಲ, ಆಲ್ಕೋಹಾಲ್ ತೆಗೆದುಕೊಂಡರೆ 2/3 ಮೋಲ್ ಎಸ್ಟರ್, ಅಷ್ಟೇ ನೀರು ಆಗಿ, ಆಮ್ಲವೂ ಆಲ್ಕೋಹಾಲೂ 1/3 ಮೋಲ್‌ನಷ್ಟು ಉಳಿಯುತ್ತವೆ. ಈಗ ಇನ್ನೊಂದು ಮೋಲ್ ಆಲ್ಕೋಹಾಲ್ ಹಾಕು. ಆ ಕ್ಷಣಕ್ಕೆ ಆಲ್ಕೋಹಾಲ್ 4/3 ಮೋಲ್ ಆಗುತ್ತದೆ. ಉತ್ಪನ್ನಗಳ ಗುಣಲಬ್ಧವನ್ನು ಪ್ರತಿವರ್ತಕಗಳ ಗುಣಲಬ್ಧದಿಂದ ಭಾಗಿಸಿದರೆ 4/9 ಭಾಗಿಸು 4/9, ಅಂದರೆ ಸರಿಯಾಗಿ 1 ಬರುತ್ತದೆ. ಇದು 4ಕ್ಕಿಂತ ಕಡಿಮೆಯಾದ್ದರಿಂದಲೇ ಕ್ರಿಯೆ ಮುಂದಕ್ಕೆ ಸಾಗುತ್ತದೆ. ವರ್ಗಸಮೀಕರಣವನ್ನು ಬಿಡಿಸಿದರೆ ಎಸ್ಟರ್ 0.845 ಮೋಲ್‌ಗೆ ಏರಿ ನಿಲ್ಲುತ್ತದೆ, ಆಲ್ಕೋಹಾಲ್ 1.155 ಮೋಲ್ ಉಳಿಯುತ್ತದೆ. ನೀನು ಹೊಸದಾಗಿ ಹಾಕಿದ ಒಂದು ಮೋಲ್‌ನಲ್ಲಿ ಖರ್ಚಾದದ್ದು ಸುಮಾರು 0.18 ಮೋಲ್ ಮಾತ್ರ! ಮಿಕ್ಕದ್ದೆಲ್ಲ ಪಾತ್ರೆಯಲ್ಲೇ ಇದೆ. ಸ್ಥಿರಾಂಕವೂ 4 ಆಗಿಯೇ ಇದೆ, ಏಕೆಂದರೆ ಅದನ್ನು ಬದಲಿಸುವುದು ಉಷ್ಣತೆಯೇ ಹೊರತು ಸಾರತೆಯಲ್ಲ.

ಕಣ್ಣಾರೆ ಕಾಣಬೇಕೆಂದರೆ ನಿಮ್ಮ ಪ್ರಯೋಗಶಾಲೆಯಲ್ಲಿ ಫೆರಿಕ್ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಥಯೊಸಯನೇಟ್ ದ್ರಾವಣಗಳನ್ನು ಕೇಳಿ ಪಡೆ. ಎರಡನ್ನೂ ನೀರು ಬೆರೆಸಿ ತೆಳುವಾಗಿಸಿ, ಕೂಡಿಸಿದಾಗ ಬರುವ ತಿಳಿಗೆಂಪು ದ್ರಾವಣವನ್ನು ಮೂರು ಪ್ರನಾಳಗಳಿಗೆ ಸಮನಾಗಿ ಹಂಚಿ, ಹಿಂದೆ ಬಿಳಿ ಹಾಳೆ ಹಿಡಿ. ಒಂದನ್ನು ಹೋಲಿಕೆಗಾಗಿ ಮುಟ್ಟದೆ ಇಡು. ಎರಡನೆಯದಕ್ಕೆ ಥಯೊಸಯನೇಟಿನ ನಾಲ್ಕು ಹನಿ ಬಿಟ್ಟರೆ ಕೆಂಪು ಗಾಢವಾಗಿ, ಗಾಢವಾಗಿಯೇ ಉಳಿಯುತ್ತದೆ. ನೀನು ಬರೆದಂತೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವುದಾದರೆ ಬಣ್ಣವೂ ತಿಳಿಯಾಗಬೇಕಿತ್ತಲ್ಲವೇ? ಮೂರನೆಯದಕ್ಕೆ ಆಕ್ಸಾಲಿಕ್ ಆಮ್ಲ ಹಾಕು. ಅದು ಫೆರಿಕ್ ಅಯಾನುಗಳನ್ನು ಹಿಡಿದುಕೊಳ್ಳುವುದರಿಂದ ಬಿಡಿಯಾಗಿರುವ ಫೆರಿಕ್ ಅಯಾನುಗಳ ಸಾರತೆ ಕುಸಿದು, ಫೆರಿಕ್, ಥಯೊಸಯನೇಟ್ ಅಯಾನುಗಳು ಕೂಡಿ ಆಗಿದ್ದ ಕೆಂಪು ಸಂಕೀರ್ಣವು ಒಡೆಯುತ್ತ ಬಂದು ಬಣ್ಣ ಮಾಸುತ್ತದೆ.

ಒಂದು ಕಡೆ ಮಾತ್ರ ಎಚ್ಚರ. ಸುಣ್ಣದ ಕಲ್ಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಸಮತೋಲನ ಬಂದ ಮೇಲೆ ಇನ್ನಷ್ಟು ಕಲ್ಲು ಹಾಕಿದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚುವುದಿಲ್ಲ, ಏಕೆಂದರೆ ಶುದ್ಧ ಘನವಸ್ತುವಿನ ಸಾರತೆ ಅದರ ಪ್ರಮಾಣವನ್ನು ಅವಲಂಬಿಸಿಲ್ಲ. ಸುಣ್ಣದ ಭಟ್ಟಿಯ ಬಾಯಿ ತೆರೆದಿರುವುದೂ ಇದಕ್ಕೆ ಹೊಂದುತ್ತದೆ: ಅನಿಲ ಹೊರಗೆ ಹೋಗುತ್ತಲೇ ಇರುವುದರಿಂದ ಹಿಮ್ಮುಖ ಕ್ರಿಯೆಗೆ ಅವಕಾಶ ಸಿಗದೆ ಕಲ್ಲೆಲ್ಲ ಸುಣ್ಣವಾಗುತ್ತದೆ.

ದಸರೆಯ ರಜೆಗೆ ಬರುವಾಗ ಅದೇ ಎಸ್ಟರ್ ಲೆಕ್ಕವನ್ನು ಒಂದು ಮೋಲ್ ಆಮ್ಲ, ಮೂರು ಮೋಲ್ ಆಲ್ಕೋಹಾಲ್ ಇಟ್ಟುಕೊಂಡು ಮಾಡಿ ತಾ. ಉತ್ತರ 0.90ರ ಆಸುಪಾಸು ಬರಬೇಕು. ಮೂರನೆಯ ಮೋಲ್ ಆಲ್ಕೋಹಾಲ್ ಇಷ್ಟು ಕಡಿಮೆ ಲಾಭ ಕೊಡುವಾಗ, ಅದರ ಬದಲು ಉಂಟಾದ ನೀರನ್ನು ತೆಗೆಯುತ್ತ ಹೋದರೆ ಏನಾದೀತು ಎಂಬುದನ್ನು ಕೂತು ನೋಡೋಣ.

ಇತಿ ನಿನ್ನ ದೊಡ್ಡವ್ವ