ಬಿಲ್ಲಿನಲ್ಲಿ ಒಂದು ಟೈರ್, ಚಕ್ರದಲ್ಲಿ ಇನ್ನೊಂದು: ನಿಮ್ಮ ಸರ್ವಿಸ್ ಸೆಂಟರ್ ಮೇಲೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ,
ಬೆಂಗಳೂರು

ವಿಷಯ: ಹಿಂದಿನ ಚಕ್ರಕ್ಕೆ ನನ್ನನ್ನು ಕೇಳದೆ ಬೇರೆ ಅಳತೆಯ, ಮೂರು ವರ್ಷ ಹಳೇ ಟೈರ್ ಹಾಕಿ, ಬಿಲ್ಲಿನಲ್ಲಿ ಸರಿಯಾದ ಅಳತೆ ಬರೆದಿರುವ ಬಗ್ಗೆ

ಮಾನ್ಯರೇ,

ನಿಮ್ಮ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ನಾನು ದಿನಾ ಕೆಂಗೇರಿ ಉಪನಗರದಿಂದ ಪೀಣ್ಯಕ್ಕೆ ಕೆಲಸಕ್ಕೆ ಹೋಗಿಬರುತ್ತೇನೆ. ಜ್ಞಾನಭಾರತಿವರೆಗೆ ಮಗಳು ಹಿಂದೆ ಕೂತಿರುತ್ತಾಳೆ. ಅವಳನ್ನು ಕಾಲೇಜಿಗೆ ಬಿಟ್ಟು ನಾಗರಬಾವಿ, ಸುಮನಹಳ್ಳಿ, ಗೊರಗುಂಟೆಪಾಳ್ಯದ ಮೇಲೆ ಮುಂದೆ ಹೋಗುತ್ತೇನೆ. ಗಾಡಿ ಚೆನ್ನಾಗಿದೆ. ಪೆಟ್ರೋಲ್ ಬಂಕಿನ ಮುಖ ನೋಡದೆ ಓಡಾಡುತ್ತಿದ್ದೇನೆ, ಅದಕ್ಕೆ ನಿಮಗೆ ಧನ್ಯವಾದ. ನನ್ನ ದೂರು ಇರುವುದು ಹೋದ ತಿಂಗಳು ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಹಿಂದಿನ ಟೈರ್ ಬದಲಿಸಿದ ರೀತಿಯ ಬಗ್ಗೆ.

ಹಿಂದಿನ ಟೈರ್ ಸವೆದಿತ್ತು. ಬಟನ್‌ಗಳ ನಡುವೆ ಇರುವ ಟಿಡಬ್ಲ್ಯುಐ ಗುರುತಿನ (ಟೈರ್ ಎಷ್ಟು ಸವೆದಿದೆ ಅಂತ ತೋರಿಸುವ ಗುರುತು) ಮಟ್ಟಕ್ಕೇ ರಬ್ಬರ್ ಬಂದಿತ್ತು. ದ್ವಿಚಕ್ರ ವಾಹನದ ಟೈರಿನ ಗೆರೆಗಳು ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಮಳೆಗಾಲ ಬೇರೆ. ಮುಂದಿನ ಟೈರ್ ಇನ್ನೂ ಚೆನ್ನಾಗಿದೆ, ಹಿಂದಿನದು ಮಾತ್ರ ಬೇಗ ಹೋಯಿತು. ಅದರಲ್ಲಿ ಆಶ್ಚರ್ಯ ಇಲ್ಲ. ಎಲೆಕ್ಟ್ರಿಕ್ ಮೋಟರ್ ನಿಂತ ಜಾಗದಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ರೀಜೆನ್ ಬ್ರೇಕಿಂಗ್ (ಮೋಟರೇ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ಕೊಡುವುದು) ಆಗುವುದೂ ಹಿಂದಿನ ಚಕ್ರದಲ್ಲೇ. ಎಳೆಯುವುದಕ್ಕೂ ತಡೆಯುವುದಕ್ಕೂ ಅದೇ ಟೈರ್ ಅಂದಮೇಲೆ ಸವೆತ ಜಾಸ್ತಿ ಇದ್ದೇ ಇರುತ್ತದೆ.

ನಿಮ್ಮ ಆ್ಯಪಿನಲ್ಲಿ ಬುಕ್ ಮಾಡಿದೆ. ಅಲ್ಲಿ 'ಹಿಂದಿನ ಟೈರ್ ಬದಲಾವಣೆ' ಅಂತಷ್ಟೇ ಇದೆ. ಯಾವ ಕಂಪನಿ ಟೈರು, ಯಾವ ಅಳತೆ, ಯಾವ ಮಾಡೆಲ್ಲು, ಒಂದೂ ಇಲ್ಲ. ಸರ್ವಿಸ್ ಸೆಂಟರಿಗೆ ಹೋದಾಗ ಅಲ್ಲಿನ ಸರ್ವಿಸ್ ಅಡ್ವೈಸರನ್ನು ಬಾಯಿಬಿಟ್ಟು ಕೇಳಿದೆ. "ಕಂಪನಿ ಟೈರೇ ಹಾಕ್ತೀವಿ ಮೇಡಂ, ಯೋಚನೆ ಮಾಡ್ಬೇಡಿ" ಅಂದರು. ಸಂಜೆ ಗಾಡಿ ಕೊಟ್ಟರು. ಬಿಲ್ಲಿನಲ್ಲಿ '100/80-12 ಟ್ಯೂಬ್‌ಲೆಸ್' ಅಂತ ಬರೆದು, ಟೈರಿಗೆ 2,480 ರೂಪಾಯಿ, ಕೂಲಿ ಬೇರೆ ಹಾಕಿದ್ದರು. ಪೂರ್ತಿ ದುಡ್ಡು ಕೊಟ್ಟೆ.

ಮಾರನೇ ದಿನ ಸುಮನಹಳ್ಳಿ ಹತ್ತಿರ ತಿರುವಿನಲ್ಲಿ ಗಾಡಿ ಮೊದಲಿನಂತೆ ಕೂರುತ್ತಿಲ್ಲ ಅನ್ನಿಸಿತು. ಮಗಳೂ "ಅಮ್ಮಾ, ಹಿಂದಿನ ಚಕ್ರ ಸಣ್ಣ ಕಾಣ್ತಿದೆ" ಅಂದಳು. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಟೈರಿನ ಪಕ್ಕವನ್ನು ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಓದಿದೆ. ಉಬ್ಬಿದ ಅಕ್ಷರಗಳಲ್ಲಿ 90/90-12 54ಜೆ ಅಂತ ಇತ್ತು. ಮುಂದಿನ ಚಕ್ರದ ಮೇಲೂ ಅದೇ ಅಳತೆ. ಅಂದರೆ ಮುಂದಕ್ಕೆ ಬರಬೇಕಾದ ಟೈರನ್ನು ಹಿಂದಕ್ಕೆ ಹಾಕಿದ್ದಾರೆ. ಹಿಂದಿನ ಚಕ್ರಕ್ಕೆ 100/80-12 56ಎಲ್ ಬೇಕು ಅಂತ ನಿಮ್ಮದೇ ಪುಸ್ತಕದಲ್ಲಿದೆ, ಗಾಳಿ ಎಷ್ಟಿರಬೇಕು ಅಂತ ಹೇಳುವ ಸ್ಟಿಕ್ಕರಿನಲ್ಲೂ ಇದೆ.

ಫೋನ್ ಮಾಡಿ ಕೇಳಿದ್ದಕ್ಕೆ ಅಡ್ವೈಸರ್ ಕೊಟ್ಟ ಉತ್ತರ: "ಎರಡೂ 12 ಇಂಚೇ ಮೇಡಂ, ಹೈಟೂ ಹೆಚ್ಚುಕಮ್ಮಿ ಒಂದೇ. ಆ ಸೈಜ್ ಸ್ಟಾಕ್ ಇರಲಿಲ್ಲ."

ಎತ್ತರದ ಮಾತು ಸರಿ. ಅಳತೆಯಲ್ಲಿ ಮೊದಲ ನಂಬರ್ ಟೈರಿನ ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ; ಕೊನೆಯದು ರಿಮ್ಮಿನ ಇಂಚು. 12 ಇಂಚಿನ ರಿಮ್ ಅಂದರೆ 304.8 ಮಿಲಿಮೀಟರ್. 100ರ ಶೇ. 80 ಅಂದರೆ 80, ಅದನ್ನು ಮೇಲೆ ಕೆಳಗೆ ಎರಡೂ ಕಡೆ ಸೇರಿಸಿದರೆ 464.8. ಇನ್ನೊಂದರದ್ದು 90ರ ಶೇ. 90, ಅಂದರೆ 81. ಒಟ್ಟು 466.8. ವ್ಯತ್ಯಾಸ ಎರಡೇ ಮಿಲಿಮೀಟರ್. ಅದಕ್ಕೇ ಅದು ರಿಮ್ಮಿಗೆ ಕೂತಿದೆ, ಎಲ್ಲೂ ಉಜ್ಜುತ್ತಿಲ್ಲ, ಮೀಟರಿನಲ್ಲೂ ಏನೂ ಗೊತ್ತಾಗುವುದಿಲ್ಲ. ಆದರೆ ಟೈರ್ ಅಂದರೆ ಎತ್ತರ ಒಂದೇ ಅಲ್ಲ ಅಲ್ವಾ? ಅಗಲದಲ್ಲಿ 10 ಮಿಲಿಮೀಟರ್ ಕಡಿಮೆ ಆಯಿತು. 54 ಅಂದರೆ ಆ ಟೈರ್ ಹೊರಬಹುದಾದ ಗರಿಷ್ಠ ಭಾರ 212 ಕೆ.ಜಿ., 56 ಅಂದರೆ 224 ಕೆ.ಜಿ. ಜೆ ಅಂದರೆ ಗಂಟೆಗೆ 100 ಕಿ.ಮೀ. ವೇಗದವರೆಗೆ, ಎಲ್ ಅಂದರೆ 120ರವರೆಗೆ. ನಾನು 100ರಲ್ಲಿ ಓಡಿಸುವವಳಲ್ಲ. 212 ಕೆ.ಜಿ. ಕೂಡ ನಮ್ಮಿಬ್ಬರಿಗೆ ಸಾಕಾಗಬಹುದು. ನಾಳೆಯೇ ಟೈರ್ ಸಿಡಿಯುತ್ತದೆ ಅಂತ ಹೆದರಿಸಲು ಈ ಪತ್ರ ಬರೆಯುತ್ತಿಲ್ಲ. ಟೈರಿನ ಮೇಲೆ ಐಎಸ್‌ಐ ಗುರುತೂ ಇದೆ, ಅದು ನಕಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಬ್ಯಾಟರಿ, ಮೋಟರ್, ಇಬ್ಬರು ಸವಾರರ ಭಾರ ಎಲ್ಲ ಲೆಕ್ಕ ಹಾಕಿ ಹಿಂದಕ್ಕೆ ಅಗಲದ ಟೈರ್ ಬೇಕು ಅಂತ ತೀರ್ಮಾನಿಸಿದವರು ನಿಮ್ಮ ಇಂಜಿನಿಯರುಗಳೇ. ಸ್ಟಾಕ್ ಇಲ್ಲ ಅನ್ನುವ ಕಾರಣಕ್ಕೆ ಸರ್ವಿಸ್ ಸೆಂಟರಿನ ಒಬ್ಬರು ಆ ಲೆಕ್ಕವನ್ನು ಬದಲಿಸಬಹುದಾ?

ಸ್ಟಾಕ್ ಇರಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಅದನ್ನು ಗಾಡಿ ಬಿಚ್ಚುವ ಮೊದಲು ಹೇಳಿದ್ದರೆ ನಾನು ಎರಡು ದಿನ ಬಸ್ಸಿನಲ್ಲೋ ಮೆಟ್ರೋದಲ್ಲೋ ಹೋಗುತ್ತಿದ್ದೆ. ಹೇಳದೆ ಬೇರೆ ಟೈರ್ ಹಾಕಿ, ಬಿಲ್ಲಿನಲ್ಲಿ ಸರಿಯಾದ ಅಳತೆ ಬರೆದು, ಅದರ ದುಡ್ಡು ತೆಗೆದುಕೊಂಡಿದ್ದು ತಪ್ಪು. ಇದನ್ನು ಕೈತಪ್ಪು ಅಂತ ನನಗೆ ನಂಬಲು ಆಗುತ್ತಿಲ್ಲ.

ಇನ್ನೊಂದು ವಿಷಯ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ 1822 ಅಂತಿದೆ. ಟೈರ್ ತಯಾರಾದದ್ದು 2022ನೇ ಇಸವಿಯ 18ನೇ ವಾರ ಅಂತ ಅದರ ಅರ್ಥ. ಬಿಲ್ಲು 2025ರದ್ದು. ಅಂದರೆ ಹೊಸದು ಅಂತ ಮಾರಿದ ಟೈರಿಗೆ ಆಗಲೇ ಮೂರು ವರ್ಷ ದಾಟಿದೆ. ಬಿಸಿಲು, ತೇವ ತಾಗದಂತೆ ಒಳಗೆ ಇಟ್ಟಿದ್ದರೆ ಟೈರ್ ಅಷ್ಟು ಬೇಗ ಹಾಳಾಗಲ್ಲ, ಅದು ನನಗೆ ಗೊತ್ತು. ಆದರೆ ನಿಮ್ಮ ಆ ಸೆಂಟರಿನಲ್ಲಿ ವಾಟರ್ ವಾಶ್ ಮಾಡುವ ಜಾಗದ ಪಕ್ಕ, ಶೀಟಿನ ಹೊರಗೆ, ಬಿಸಿಲಿಗೆ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ರಾಶಿಯ ಫೋಟೋ ಈ ಪತ್ರದ ಜೊತೆಗಿದೆ. ರಬ್ಬರ್ ಬಿಸಿಲಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಚಾರ್ಜ್ ಕೂಡ ಮೊದಲಿಗಿಂತ ಬೇಗ ಇಳಿಯುತ್ತಿದೆ. ಇದಕ್ಕೆ ಈ ಟೈರೇ ಕಾರಣ ಅಂತ ಖಡಾಖಂಡಿತವಾಗಿ ನಾನು ಹೇಳುವುದಿಲ್ಲ. ಸವೆದ ಟೈರಿಗಿಂತ ಹೊಸ ಬಟನ್ ಇರುವ ಟೈರ್ ಉರುಳಲು ಸ್ವಲ್ಪ ಜಾಸ್ತಿ ಶಕ್ತಿ ತಿನ್ನುತ್ತದೆ, ಗಾಳಿ ಕಡಿಮೆ ಇದ್ದರೂ ಹಾಗೇ ಆಗುತ್ತದೆ. ಗಾಳಿ ನಾನೇ ನೋಡಿ ಸರಿಮಾಡಿದ್ದೇನೆ. ಆದರೂ ವ್ಯತ್ಯಾಸ ಹೋಗಿಲ್ಲ. ಗಾಡಿ ಮಾರುವಾಗ ನೀವೇ ಇದಕ್ಕೆ ಕಡಿಮೆ ಘರ್ಷಣೆಯ ವಿಶೇಷ ಟೈರ್ ಹಾಕಿದ್ದೇವೆ, ಅದರಿಂದ ಮೈಲೇಜ್ ಸಿಗುತ್ತದೆ ಅಂದಿದ್ದಿರಿ. ಈಗ ಹಾಕಿರುವುದು ಪೆಟ್ರೋಲ್ ಸ್ಕೂಟರಿಗೆ ಹಾಕುವ ಮಾಮೂಲಿ ಟೈರ್. ದಯವಿಟ್ಟು ನಿಮ್ಮ ತಾಂತ್ರಿಕ ವಿಭಾಗದವರಿಂದ ಪರೀಕ್ಷೆ ಮಾಡಿಸಿ, ಏನು ಕಾರಣ ಅಂತ ಬರವಣಿಗೆಯಲ್ಲಿ ತಿಳಿಸಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ನಿಮ್ಮ ಕಸ್ಟಮರ್ ಕೇರಿನ ಮಾತಿಗೆ. ಸರಿ, ನಾನೇ ಹೊರಗೆ 100/80-12 ತಂದು ಹಾಕಿಸಿಕೊಳ್ಳುತ್ತೇನೆ ಅಂದೆ. "ಹೊರಗೆ ಹಾಕಿಸಿದರೆ ಮೋಟರ್ ವಾರಂಟಿ ಹೋಗುತ್ತದೆ" ಅಂದರು. ಎಲ್ಲಿ ಬರೆದಿದೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ವಾರಂಟಿ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿದೆ. ಟೈರಿನ ವಾರಂಟಿ ಟೈರ್ ಕಂಪನಿಗೆ ಸೇರಿದ್ದು ಅಂತ ಒಂದು ಸಾಲು ಇದೆ, ಅಷ್ಟೇ. ಹೊರಗೆ ಹಾಕಿಸಬಾರದು ಅಂತ ಎಲ್ಲೂ ಇಲ್ಲ.

ನನ್ನ ಗಾಡಿಯದು ಹಬ್ ಮೋಟರ್. ಹಿಂದಿನ ಚಕ್ರದೊಳಗೇ ಮೋಟರ್ ಇದೆ. ಚಕ್ರ ಬಿಚ್ಚಬೇಕಾದರೆ ಮೋಟರಿನ ವೈರ್ ಕಳಚಬೇಕು, ಜೋಡಿಸುವಾಗ ವೈರ್ ತಿರುಚಿಕೊಳ್ಳದ ಹಾಗೆ ನೋಡಬೇಕು. ಹಾಗಾಗಿ ನೀವು ಜಾಗ್ರತೆ ಹೇಳುವುದರಲ್ಲಿ ಅರ್ಥ ಇದೆ. ನಮ್ಮ ಏರಿಯಾದ ಪಂಕ್ಚರ್ ಅಂಗಡಿಯವರೇ "ಇದು ಕರೆಂಟ್ ಗಾಡಿ, ಹಿಂದಿನ ಚಕ್ರ ನಾವು ಬಿಚ್ಚಲ್ಲಮ್ಮ" ಅಂತ ಕೈಮುಗಿದರು. ಅಂದಮೇಲೆ ನಿಮ್ಮ ಗ್ರಾಹಕರಿಗೆ ಬೇರೆ ದಾರಿಯೇ ಇಲ್ಲ, ನಿಮ್ಮ ಹತ್ತಿರವೇ ಬರಬೇಕು. ಬೇರೆ ದಾರಿ ಇಲ್ಲದವರಿಗೆ ನಿಮ್ಮ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುವುದು ಅನ್ಯಾಯ. ನಿಮ್ಮ ಮೇಲಿನ ಜವಾಬ್ದಾರಿ ಇದರಿಂದ ಇನ್ನೂ ಜಾಸ್ತಿಯಾಗುತ್ತದೆ.

ನಾನು ಜೆ.ಸಿ. ರೋಡಿಗೂ ಹೋಗಿ ವಿಚಾರಿಸಿದೆ. ಅಲ್ಲಿನ ಟೈರ್ ಅಂಗಡಿಯವರು ಕೇಳಿದ್ದು ಇಷ್ಟೇ: ಅಳತೆ ಎಷ್ಟು, ಭಾರದ ನಂಬರ್ ಎಷ್ಟು, ದಿನಕ್ಕೆ ಎಷ್ಟು ಓಡಿಸ್ತೀರಿ, ಹಿಂದೆ ಯಾರಾದರೂ ಕೂರ್ತಾರಾ. ಆಮೇಲೆ ಎರಡು ಮೂರು ಕಂಪನಿಯ ಟೈರ್ ಎದುರಿಗಿಟ್ಟು, ಇದು ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತೆ ಆದರೆ ಬೇಗ ಸವೆಯುತ್ತೆ, ಇದು ಬಾಳಿಕೆ ಬರುತ್ತೆ ಆದರೆ ಸ್ವಲ್ಪ ಗಟ್ಟಿ ಅಂತ ಬಿಡಿಸಿ ಹೇಳಿದರು. ವಾರದ ನಂಬರನ್ನು ತಾವಾಗಿಯೇ ತೋರಿಸಿದರು. ಒಂದು ಸಣ್ಣ ಅಂಗಡಿಯವರು ಕೊಡುವ ಈ ಮಾಹಿತಿಯನ್ನು ಲಕ್ಷಾಂತರ ರೂಪಾಯಿಯ ಗಾಡಿ ಮಾರಿದ ನೀವು ಯಾಕೆ ಕೊಡಬಾರದು? ಮಳೆಯಲ್ಲಿ ಹಿಡಿತ ಬೇಕಾ, ಮೈಲೇಜ್ ಬೇಕಾ, ಬಾಳಿಕೆ ಬೇಕಾ ಅಂತ ಆರಿಸಬೇಕಾದವಳು ಆ ಟೈರಿನ ಮೇಲೆ ಮಗಳನ್ನು ಕೂರಿಸಿಕೊಂಡು ಹೋಗುವ ನಾನು. ನನಗಾದರೆ ಮಳೆಯ ಹಿಡಿತವೇ ಮೊದಲು, ನಾಲ್ಕೈದು ಕಿಲೋಮೀಟರ್ ಕಡಿಮೆ ಓಡಿದರೂ ಚಿಂತೆಯಿಲ್ಲ. ಬೇರೆಯವರಿಗೆ ಬೇರೆ ಇರಬಹುದು. ಆದರೆ ಕೇಳಬೇಕು ತಾನೇ?

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ನಾನು ಕೇಳುವುದನ್ನು ನಡೆಸಿಕೊಡಿ. ಈಗ ಹಾಕಿರುವ ಟೈರನ್ನು ತೆಗೆದು, 100/80-12 ಅಳತೆಯ, 56 ಅಥವಾ ಅದಕ್ಕಿಂತ ಹೆಚ್ಚಿನ ಭಾರದ ನಂಬರಿನ, ಇತ್ತೀಚೆಗೆ ತಯಾರಾದ ಟೈರ್ ಹಾಕಿಕೊಡಿ. ಟೈರಿಗೂ ಕೂಲಿಗೂ ನಾನು ಮತ್ತೆ ದುಡ್ಡು ಕೊಡುವುದಿಲ್ಲ. ವಾಲ್ವ್ ಹೊಸದಿರಲಿ, ಬಾಣದ ಗುರುತು ನೋಡಿ ಸರಿಯಾದ ದಿಕ್ಕಿಗೆ ಕೂರಿಸಲಿ. ಚಕ್ರಕ್ಕೆ ಹಾಕುವ ಮೊದಲು ಟೈರನ್ನು ನನಗೆ ತೋರಿಸಲಿ. ಬಿಲ್ಲಿನಲ್ಲಿ ಟೈರಿನ ಕಂಪನಿ, ಅಳತೆ, ತಯಾರಾದ ವಾರ ಮೂರೂ ಬರೆಯಲಿ. ಹೊರಗೆ ಟೈರ್ ಹಾಕಿಸಿದರೆ ಮೋಟರ್ ವಾರಂಟಿ ಏನಾಗುತ್ತದೆ ಅನ್ನುವುದನ್ನು ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ. ಕೊನೆಯದಾಗಿ, ಈ ಗಾಡಿಗೆ ಯಾವ ಯಾವ ಟೈರ್ ಹಾಕಬಹುದು ಅನ್ನುವ ಪಟ್ಟಿಯನ್ನು ಬೆಲೆ ಸಮೇತ ಆ್ಯಪಿನಲ್ಲಿ ಹಾಕಿ, ಬುಕ್ ಮಾಡುವಾಗಲೇ ಗ್ರಾಹಕರು ಆರಿಸಿಕೊಳ್ಳುವ ಹಾಗೆ ಮಾಡಿ. ಇದು ನನಗೊಬ್ಬಳಿಗೇ ಅಲ್ಲ, ನಿಮ್ಮ ಗಾಡಿ ಓಡಿಸುವ ಎಲ್ಲರಿಗೂ ಬೇಕಾದದ್ದು.

ತಗೊಳ್ಳುವ ವಸ್ತುವಿನ ಗುಣಮಟ್ಟ, ಮಾನದಂಡ, ಬೆಲೆ ಏನು ಅಂತ ತಿಳಿದುಕೊಳ್ಳುವುದು ಗ್ರಾಹಕರ ಹಕ್ಕು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಗಾಡಿಗಳ ರಿಪೇರಿ ಮಾಹಿತಿ ಜನರಿಗೆ ಸಿಗಲಿ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿದೆ, ಅದರಲ್ಲಿ ವಾಹನಗಳೂ ಸೇರಿವೆ. ನಿಮ್ಮಿಂದ ಸರಿಯಾದ ಉತ್ತರ ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟವಿಲ್ಲ, ನಿಮ್ಮ ಹಂತದಲ್ಲೇ ಸರಿಹೋಗಲಿ ಅಂತಲೇ ಇಷ್ಟು ವಿವರವಾಗಿ ಬರೆದಿದ್ದೇನೆ.

ಸರಿಯಾದ ಟೈರ್ ಬರುವವರೆಗೆ ಮಗಳನ್ನು ಹಿಂದೆ ಕೂರಿಸಿಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಅವಳು ಬಸ್ಸಿಗೆ ಹೋಗುತ್ತಿದ್ದಾಳೆ. ಗಾಡಿ ಯಾವಾಗ ತರಬೇಕು ಅಂತ ಫೋನ್ ಮಾಡಿ ತಿಳಿಸಿ. ಶನಿವಾರವಾದರೆ ನನಗೆ ಅನುಕೂಲ. ಈ ಸಲ ಕೆಲಸ ಮಾಡುವಾಗ ನಾನು ಅಲ್ಲೇ ನಿಂತು ನೋಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ಕೆಂಗೇರಿ ಉಪನಗರ, ಬೆಂಗಳೂರು
(ಹೆಸರು, ಫೋನ್ ನಂಬರ್, ಗಾಡಿ ನಂಬರ್ ಬಿಲ್ಲಿನಲ್ಲಿವೆ)

ಲಗತ್ತು: ಬಿಲ್ಲಿನ ಪ್ರತಿ; ಹಿಂದಿನ ಟೈರಿನ ಅಳತೆ ಮತ್ತು 1822 ಕಾಣುವ ಫೋಟೋಗಳು; ಗಾಡಿಯ ಮೇಲಿನ ಸ್ಟಿಕ್ಕರಿನ ಫೋಟೋ; ಹೊರಗೆ ಪೇರಿಸಿದ ಟೈರುಗಳ ಫೋಟೋ; ವಾರಂಟಿ ಪುಸ್ತಕದ ಟೈರ್ ಕುರಿತ ಪುಟ